ಎರಡನೆಯ ಗೇಟು

ಗೇರ್ ಲಿವರಿನ ಬುಡದಲ್ಲಿ ಬಿದ್ದಿರುವ ಈ ನೀಲಿ ದಾರ ಯಾವುದು, ಹುಲ್ಲಿನ ಪೆಂಡಿ ಕಟ್ಟುವ ದಾರ, ನನ್ನ ವ್ಯಾನಿನಲ್ಲಿ ಯಾಕಿದೆ, ನಾನು ಸಾಗಿಸುವುದು ಹುಲ್ಲಲ್ಲ, ಪಾರ್ಸೆಲ್ಲು, ಜನ ಮೆಲ್ಬರ್ನಿನಿಂದ ತರಿಸಿಕೊಳ್ಳುವ ಬೂಟು, ಫ್ಯಾನು, ನಾಯಿಯ ಮದ್ದು — ಕಿಟಕಿಯ ಗಾಳಿಗೆ ಅದರ ಎಳೆ ನಡುಗುತ್ತಿದೆ, ಟಿಣ್ ಎಂದು ಕ್ಯಾಮೆರಾ ಕೂಗಿತು, ಕನ್ನಡಿಯ ಪಕ್ಕ ಕೂತು ದಿನವಿಡೀ ನನ್ನ ಕಣ್ಣನ್ನೇ ಕಾಯುವ ಗುಂಡಿಯಷ್ಟು ಕ್ಯಾಮೆರಾ, ಚಾಲಕರೇ, ದೃಷ್ಟಿ ರಸ್ತೆಯ ಮೇಲಿರಲಿ, ಆಯ್ತಮ್ಮ ಆಯ್ತು, ರಸ್ತೆಯ ಮೇಲೆ ನೋಡುವುದಕ್ಕೆ ಏನಿದೆ, ಕೆಂಪು ಧೂಳು, ಎರಡೂ ಕಡೆ ಬೂದಿ ಬಣ್ಣದ ಉಪ್ಪುಗಿಡ, ಸತ್ತ ಕಾಂಗರೂ, ಅದರ ಮೇಲೆ ಕಾಗೆ, ಜನವರಿಯ ನಡುಬೇಸಿಗೆಯ ಬಿಸಿಲಿಗೆ ದಿಗಂತವೇ ಕರಗಿ ನೀರಿನ ಹಾಗೆ ತೋರುತ್ತಿದೆ, ನೀರು ಅಂದುಕೊಂಡದ್ದೇ ನೆನಪಾಯಿತು — ಅದು ಕುರಿ ಸಾಕುವ ಆಥೊಲ್ ಕ್ವಿಲ್ಟರನ ಗೇಟಿನ ದಾರ, ಎರಡನೆಯ ಗೇಟು, ಅವನು ಬೇಲಿಗೆ ಒರಗಿಸಿ ಬಿಗಿದು ಕಟ್ಟಿಟ್ಟಿದ್ದ ಗೇಟು, ನಾನೇ ಬಿಚ್ಚಿದೆ, ಬಿಚ್ಚಿ, ಎಳೆದು, ಸರಪಳಿ ಹಾಕಿ, ಫೋಟೋ ತೆಗೆದು, ದಾರವನ್ನು ಕೈಯಲ್ಲೇ ಹಿಡಿದುಕೊಂಡು ವ್ಯಾನು ಹತ್ತಿದೆ. ತೆರೆದಿಟ್ಟಿದ್ದ ಗೇಟನ್ನು ಮುಚ್ಚಿ ಬಂದೆ ನಾನು, ಗ್ಲೆನಿಸ್ ಹಾರ್ಕಿನ್, ಕುರಿಯ ಸೀಮೆಯಲ್ಲೇ ಹುಟ್ಟಿ, ಕುರಿಯ ಉಣ್ಣೆಯ ಮೇಲೆ ಮಲಗಿ ಬೆಳೆದವಳು.

ಇದ್ದ ಹಾಗೆ ಬಿಡು ಮಗಳೇ, ಮುಚ್ಚಿದ್ರೆ ಮುಚ್ಚಿ ಹೋಗು, ತೆಗ್ದಿದ್ರೆ ತೆಗ್ದೇ ಬಿಟ್ಟು ಹೋಗು, ಯಾಕೆ ತೆಗ್ದಿಟ್ಟಿದಾರೆ ಅಂತ ನಿಂಗೇನ್ ಗೊತ್ತು — ಅಪ್ಪ ಸ್ಟಿಯರಿಂಗ್ ಬಿಡದೆ ಹೇಳುತ್ತಿದ್ದ, ಗೇಟಿಗೆ ಇಳಿಯುವುದು ಪಕ್ಕದಲ್ಲಿ ಕೂತವರ ಕೆಲಸ, ನಾನು ಇಳಿಯುತ್ತಿದ್ದೆ, ಬಿಸಿ ಕಬ್ಬಿಣಕ್ಕೆ ಅಂಗೈ ಸುಟ್ಟುಕೊಳ್ಳುತ್ತಿದ್ದೆ, ಈ ಬಯಲಿನ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ಪಾಠವೇ ಇದು. ಆಥೊಲನ ಎರಡನೆಯ ಗೇಟು ಯಾಕೆ ತೆರೆದಿರುತ್ತದೆ ಎಂಬುದು ನನಗೆ ಗೊತ್ತಿಲ್ಲವೇ, ರಸ್ತೆಯ ಕಡೆಯ ಹೊಲದಲ್ಲಿ ಮೇವಿದೆ, ನೀರಿಲ್ಲ, ನೀರಿನ ತೊಟ್ಟಿ ಗೇಟಿನಾಚೆ ನೀರೆತ್ತುವ ಗಾಳಿಯಂತ್ರದ ಬುಡದಲ್ಲಿದೆ, ಮೇಯ್ದ ಕುರಿ ಬಿಸಿಲೇರಿದ ಮೇಲೆ ಸಾಲುಗಟ್ಟಿ ಆ ಗೇಟಿನಲ್ಲೇ ದಾಟಿ ಕುಡಿಯಲು ಹೋಗಬೇಕು — ಇಂದು ಹೋಗುತ್ತವೆ, ಗೇಟಿನ ಮುಂದೆ ನಿಲ್ಲುತ್ತವೆ, ಕುರಿ ದನದ ಹಾಗಲ್ಲ, ಬೇಲಿ ಮುರಿಯುವುದಿಲ್ಲ, ಕೂಗುವುದೂ ಇಲ್ಲ, ದಿನವೂ ದಾಟಿದ ಜಾಗದಲ್ಲೇ ಮುಖ ಒತ್ತಿ ನಿಲ್ಲುತ್ತವೆ, ಹಿಂದಿನವು ಮುಂದಿನವನ್ನು ಒತ್ತುತ್ತವೆ, ಮುಂದಿನ ಮುದಿ ಕುರಿಯ ಮೂಗು ಗೇಟಿನ ತಂತಿಗೆ, ಕಣ್ಣು ತೊಟ್ಟಿಯ ಕಡೆಗೆ. ಮೂಗು ತಂತಿಗೆ.

ಅಷ್ಟು ಗೊತ್ತಿದ್ದವಳು ಹೇಗೆ ಮುಚ್ಚಿದೆ, ಕೈ ಮುಚ್ಚಿತು, ನಾನಲ್ಲ, ವಿಳಾಸ ತೋರಿಸಿ ಚಿತ್ರ ಕೇಳುವ, ಸೊಂಟಕ್ಕೆ ಸಿಕ್ಕಿಸಿದ ಈ ಕಂಪನಿಯ ಯಂತ್ರ ಕಲಿಸಿದ ಕೈ. ಎಲ್ಲೋ ಯಾರದೋ ಟಗರು ತೆರೆದ ಗೇಟಿನಿಂದ ತಪ್ಪಿಸಿಕೊಂಡಿತಂತೆ, ಅವರು ದೂರು ಕೊಟ್ಟರಂತೆ, ಸಿಡ್ನಿಯ ಆಫೀಸಿನಿಂದ ಆಜ್ಞೆ ಬಂತು, ಚಾಲಕರು ತಾವು ದಾಟಿದ ಪ್ರತಿಯೊಂದು ಗೇಟನ್ನೂ ಮುಚ್ಚತಕ್ಕದ್ದು, ಮುಚ್ಚಿದ ಗೇಟಿನ ಚಿತ್ರ ತೆಗೆಯತಕ್ಕದ್ದು, ಇಲ್ಲದಿದ್ದರೆ ಯಂತ್ರದಲ್ಲಿ ಮುಂದಿನ ವಿಳಾಸ ತೆರೆಯುವುದಿಲ್ಲ. ಅಂದು ಡಿಪೋದಲ್ಲಿ ಜೊತೆಯ ಚಾಲಕ ತೆವಿತಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ಅಕ್ಕಾ, ಅವ್ರು ಗೇಟು ಅಂದ್ರೆ ಅವ್ರ ಮನೆ ಮುಂದಿನ ಗೇಟು ಅನ್ಕೊಂಡಿದಾರೆ, ನಾಯಿಮರಿ ಓಡೋಗ್ಬಾರ್ದಲ್ಲ ಪಾಪ. ಟೊಂಗಾದವನು ತೆವಿತಾ, ದ್ವೀಪದಲ್ಲಿ ಹುಟ್ಟಿದವನು, ಅವನಿಗೂ ಗೊತ್ತಾದದ್ದು ಅವರಿಗೆ ಗೊತ್ತಾಗಲಿಲ್ಲ. ಆ ನಗುವ ತೆವಿತಾ ಒಂದು ಬೆಳಿಗ್ಗೆ ಬಂದು ಯಂತ್ರದ ಮೇಲೆ ಹೆಬ್ಬೆರಳು ಒತ್ತಿದ, ಗುರುತು ಸಿಗಲಿಲ್ಲ ಅಂದಿತು, ಅಂಗಿಗೆ ಬೆರಳೊರೆಸಿ ಮತ್ತೆ ಒತ್ತಿದ, ಗುರುತು ಸಿಗಲಿಲ್ಲ, ಬೆವರಾಗಿರ್ಬೇಕು ಕಣಕ್ಕ ಅಂದ, ಎಲ್ಲರೂ ನಮ್ಮ ನಮ್ಮ ಪೆಟ್ಟಿಗೆ ಹೇರುತ್ತ ಬೇರೆ ಕಡೆ ನೋಡಿದೆವು, ಕೆಲಸ ಹೋಯಿತು ಎಂದು ಬಾಯಿಬಿಟ್ಟು ಹೇಳುವ ಮನುಷ್ಯನೂ ಆ ಕಂಪನಿಯಲ್ಲಿ ಉಳಿದಿರಲಿಲ್ಲ.

ಮೊದಲು ಹೀಗಿರಲಿಲ್ಲ, ವ್ಯಾನು ಕಂಪನಿಯದಾಗಿತ್ತು, ಜ್ವರ ಬಂದರೆ ರಜೆ ಇತ್ತು, ಹತ್ತು ಗಂಟೆಗೆ ಯಾರದಾದರೂ ಜಗಲಿಯಲ್ಲಿ ಕೂತು ಚಹಾ ಕುಡಿಯಬಹುದಿತ್ತು, ಆಥೊಲನ ಹೆಂಡತಿ ಮೆರ್ಲ್ ಒಲೆಯಿಂದ ಆಗ ತಾನೇ ತೆಗೆದ ಬನ್ನಿಗೆ ಜಾಮು ಸವರಿ, ತಿನ್ನೇ, ಪೆಟ್ಟಿಗೆ ಏನ್ ಓಡೋಗತ್ತಾ ಅನ್ನುತ್ತಿದ್ದಳು. ಆಮೇಲೆ ಸಭೆ ಕರೆದು ಚಪ್ಪಾಳೆ ತಟ್ಟಿಸಿದರು, ಇನ್ನು ನೀವೆಲ್ಲ ನೌಕರರಲ್ಲ, ನಿಮಗೆ ನೀವೇ ಯಜಮಾನರು — ವ್ಯಾನು ನಮ್ಮ ಹೆಸರಿಗೆ, ಕಂತು ನಮ್ಮ ಹೆಸರಿಗೆ, ಟೈರು, ಡೀಸೆಲ್ಲು, ಬೆನ್ನುನೋವು ಎಲ್ಲ ನಮ್ಮ ಹೆಸರಿಗೆ, ಯಜಮಾನಿಗೆ ಉಚ್ಚೆ ಹೊಯ್ಯಲು ಮಾತ್ರ ಅಪ್ಪಣೆ ಬೇಕು. ಹೌದು, ಯಂತ್ರ ತಪ್ಪಿಗೆ ಹಾಕುವ ಕೆಂಪು ಗುರುತು, ಈ ತಿಂಗಳ ಒಂದು ಅದಕ್ಕೇ ಬಂದದ್ದು, ಗಿಡದ ಮರೆಗೆ ಹೋಗಿ ಬಂದದ್ದಕ್ಕೆ, ವಿವರಣೆಯಿಲ್ಲದ ನಿಲುಗಡೆ, ಇನ್ನೊಂದು ಟೈರು ಒಡೆದದ್ದಕ್ಕೆ. ಮೂರನೆಯದು ಬಿದ್ದರೆ ಮುಗಿಯಿತು, ಶುಕ್ರವಾರ ನಮ್ಮ ಮೂರು ದಾರಿಗಳನ್ನು ಎರಡು ಮಾಡುತ್ತಾರೆ, ಮೂವರಲ್ಲಿ ಒಬ್ಬರ ಹೆಬ್ಬೆರಳಿನ ಗುರುತು ಸಿಗುವುದಿಲ್ಲ, ಆಮೇಲೆ ಈ ವ್ಯಾನನ್ನು ಇಟ್ಟುಕೊಂಡು ಏನು ಮಾಡಲಿ, ಈ ವಯಸ್ಸಿಗೆ, ಈ ಬಯಲಿನಲ್ಲಿ, ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಕಸ ಗುಡಿಸಲು ಹೋಗಲೇ ಮತ್ತೆ.

ದಿಣ್ಣೆಯ ಮೇಲೆ ಮಾತ್ರ ಫೋನಿಗೆ ಸಿಗ್ನಲ್ಲು ಸಿಗುತ್ತದೆ, ನಿಲ್ಲಿಸಿದೆ, ನಿಲ್ಲಿಸಿದ ಕೂಡಲೆ ಯಂತ್ರ ಗಡಿಯಾರ ಓಡಿಸಲು ಶುರುಮಾಡಿತು. ಆಥೊಲನ ಮನೆಗೆ ಮಾಡಿದೆ, ಸುಮ್ಮನೆ ಬಾರಿಸುತ್ತಲೇ ಇದೆ, ಯಾರು ಎತ್ತಬೇಕು, ಬಾಗಿಲಿಗೆ ಚೀಟಿ ಅಂಟಿಸಿದ್ದನ್ನು ನಾನೇ ಓದಿದ್ದೆನಲ್ಲ, ಮೆರ್ಲಳ ಕಣ್ಣಿನ ಆಪರೇಷನ್ನಿಗೆ ಆಲ್ಬರಿಯ ಆಸ್ಪತ್ರೆಗೆ ಹೋಗಿದ್ದೇವೆ, ನಾಳೆ ಬರುತ್ತೇವೆ, ಪೆಟ್ಟಿಗೆ ಜಗಲಿಯಲ್ಲಿಡು ಗ್ಲೆನ್. ಪಕ್ಕದ ಮನೆಯೆಂದರೆ ದಿಗಂತದಾಚೆ, ಅಲ್ಲೂ ಎತ್ತಲಿಲ್ಲ. ನಾಳೆಯೆಂದರೆ — ಇಂತಹ ಬಿಸಿಲಿನಲ್ಲಿ ನಾಳೆ ಎಂಬುದಿಲ್ಲ ಕುರಿಗೆ. ಫೋನು ತಾನೇ ಬಡಿದುಕೊಂಡಿತು, ಡ್ಯಾಮಿಯನ್, ಡಿಪೋದ ಮೇಲ್ವಿಚಾರಕ, ಇವನ ಅಪ್ಪನೂ ಕುರಿ ಕಾಯುತ್ತಿದ್ದವನೇ, ಏನ್ ಗ್ಲೆನ್, ನಿಂತ್ಬಿಟ್ಟಿದೀಯ, ಇಲ್ಲಿ ಕೆಂಪಾಗೋಕೆ ಬಂತು ನೋಡು. ಆಥೊಲನ ಗೇಟು ಮುಚ್ಚಿ ಬಂದಿದ್ದೀನಿ ಕಣೋ, ನೀರಿನ ಗೇಟು. ಮುಚ್ಚಿದೀಯಲ್ಲ ಮತ್ತೆ, ಇಲ್ಲಿ ಫೋಟೋ ಇದೆ, ಚೆನ್ನಾಗಿ ಬಂದಿದೆ, ಸರಪಳಿ ಎಲ್ಲ ಕಾಣ್ತಿದೆ, ಹಸಿರು ಗುರುತು ಬಿದ್ದಿದೆ, ನೀನು ಸರಿಯಾಗೇ ಮಾಡಿದೀಯ. ಡ್ಯಾಮಿಯನ್, ಅದು ತೆಗ್ದಿತ್ತು, ಕಟ್ಟಿಟ್ಟಿತ್ತು, ನಾನು ಬಿಚ್ಚಿ ಮುಚ್ಚಿದೀನಿ, ಕುರಿ ಈಚೆ ಉಳ್ಕೊಂಡಿವೆ. ಅರ್ಥವಾಯಿತು ಅವನಿಗೆ, ಅವನಪ್ಪನ ಮಗನಿಗೆ ಅರ್ಥವಾಗದೆ ಏನು, ಆದರೂ ದನಿ ಇಳಿಸಿ, ನೋಡೇ, ವಾಪಸ್ ಹೋದ್ರೆ ದಾರಿ ತಪ್ಪಿದ್ದು ಅಂತ ಅದೇ ಬರ್ಕೊಳತ್ತೆ, ನಾನು ಅಳಿಸೋಕಾಗಲ್ಲ, ನನ್ ಕೈಲಿ ಏನೂ ಇಲ್ಲ, ಶುಕ್ರವಾರ ನೆನಪಿದೆ ತಾನೇ. ನೆನಪಿದೆ. ಕುರಿ ಕಂಪನೀದಲ್ಲ ಗ್ಲೆನ್. ಹಾಗಾದ್ರೆ ನಿಮ್ಮಪ್ಪಂಗೆ ಫೋನ್ ಮಾಡಿ ಇದನ್ನೇ ಹೇಳು, ಅಂದೆ, ಅವನು ಇಟ್ಟುಬಿಟ್ಟ.

ಸರಿಯಾಗಿಯೇ ಮಾಡಿದ್ದೇನಂತೆ. ಇದೇ ನನ್ನ ಹೊಟ್ಟೆ ಉರಿಸುತ್ತಿರುವುದು, ತಪ್ಪು ಮಾಡಿದ್ದರೆ ಬೈಸಿಕೊಂಡು ತಿದ್ದಿಕೊಳ್ಳಬಹುದಿತ್ತು, ಸರಿಯಾಗಿ ಮಾಡಿದ್ದನ್ನು ಹೇಗೆ ತಿದ್ದುವುದು, ಕುರಿ ಸತ್ತರೆ ಹಸಿರು, ಉಳಿಸಿದರೆ ಕೆಂಪು, ಸ್ಟಿಯರಿಂಗ್ ತಿರುಗಿಸಿದೆ, ಯಾವಾಗ ತಿರುಗಿಸಿದೆನೋ, ವ್ಯಾನು ಆಗಲೇ ಬಂದ ದಾರಿಗೆ ಮುಖ ಮಾಡಿದೆ, ಹಿಂದೆ ಪೆಟ್ಟಿಗೆಗಳು ಒಂದರ ಮೇಲೊಂದು ಉರುಳಿದವು, ಉರುಳಲಿ, ಯಂತ್ರ ಬಡಬಡಿಸುತ್ತಿದೆ, ತಾವು ನಿಗದಿತ ದಾರಿ ಬಿಟ್ಟಿದ್ದೀರಿ, ಕಾರಣ ಆರಿಸಿ, ಅಪಘಾತ, ವಾಹನದ ದೋಷ, ವಿಳಾಸದ ದೋಷ, ಇಷ್ಟೇ, ಕುರಿ ಅನ್ನುವುದು ಇಲ್ಲ, ಬಾಯಾರಿಕೆ ಅನ್ನುವುದು ಇಲ್ಲ. ಮೂಗು ತಂತಿಗೆ. ನಾನು ಚಿಕ್ಕವಳಿದ್ದಾಗ ನೋಡಿದ್ದೆ, ಪೇಟೆಯಿಂದ ಬೇಟೆಗೆ ಬಂದವರು ಗೇಟು ಮುಚ್ಚಿ ಹೋಗಿದ್ದರು, ಅಪ್ಪ ನನಗೆ ಲಾರಿಯಿಂದ ಇಳಿಯಬೇಡ ಅಂದ, ಇಳಿದೆ, ಕುರಿಗಳು ನಿಂತ ಹಾಗೆಯೇ ಒಂದರ ಮೇಲೊಂದು ಒರಗಿ ಸತ್ತಿದ್ದವು, ಎಲ್ಲದರ ಮುಖವೂ ನೀರಿನ ಕಡೆಗೇ ಇತ್ತು, ಅಪ್ಪ ಟೋಪಿ ತೆಗೆದು ಆ ಪೇಟೆಯವರನ್ನು ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ, ಇಂದು ಆ ಪೇಟೆಯವರು ನಾನೇ. ಮೊದಲ ಗೇಟು ಬಂತು, ಇದು ಯಾವಾಗಲೂ ಮುಚ್ಚಿರುವುದು, ಇಳಿದು ತೆಗೆದೆ, ದಾಟಿ ಮುಚ್ಚಿದೆ, ಆತುರದಲ್ಲೂ ಮುಚ್ಚಿದೆ, ಉಪ್ಪುಗಿಡಗಳ ಮೇಲೆ ಕುರಿ ನಡೆದರೆ ಏಳುವ ಧೂಳಿಲ್ಲ, ಹೊಲದಲ್ಲಿ ಒಂದು ಕುರಿಯೂ ಕಾಣುತ್ತಿಲ್ಲ, ಅಂದರೆ ಎಲ್ಲವೂ ಅಲ್ಲೇ ಇವೆ.

ಇದ್ದವು. ಕೊಳೆಯಾದ ಹತ್ತಿಯ ರಾಶಿಯ ಹಾಗೆ ಗೇಟಿಗೆ ಒತ್ತಿಕೊಂಡು, ಬಾಯಿ ತೆರೆದು, ಪಕ್ಕೆಗಳು ಮಾತ್ರ ಬಡಿದುಕೊಳ್ಳುತ್ತಿದ್ದವು, ಒಂದೆರಡು ಕಾಲು ಮಡಚಿ ಕೂತಿದ್ದವು, ನಾನು ನಡುವೆ ನುಗ್ಗಿದೆ, ಬಿಸಿ ಉಣ್ಣೆ, ಉಚ್ಚೆಯ ನಾತ, ಸರಿಯಮ್ಮ ಸರಿ, ಹಿಂದೆ ಸರಿ, ಸರಪಳಿ ಕೆಂಡವಾಗಿತ್ತು, ಅವುಗಳ ಭಾರಕ್ಕೆ ಕೊಂಡಿ ಬಿಗಿದು ಕೂತಿತ್ತು, ಮೊಣಕಾಲು ಕೊಟ್ಟು ತಳ್ಳಿದೆ, ಕಳಚಿತು, ಗೇಟು ಆಚೆಗೆ ತೆರೆದುಕೊಂಡಿತು, ಮುಂದಿನ ಮುದಿ ಕುರಿ ಒಂದು ಗಳಿಗೆ ನಿಂತಿತು, ನಂಬಲಾರದ ಹಾಗೆ, ಆಮೇಲೆ ದಾಟಿತು, ಹಿಂದೆಯೇ ಎಲ್ಲವೂ, ತೊಟ್ಟಿಯ ಕಡೆ ಓಡುವ ಗೊರಸಿನ ಸದ್ದು, ಕೂತಿದ್ದವನ್ನು ನಾನು ಎದೆಗೆ ಒತ್ತಿ ಎಬ್ಬಿಸುತ್ತಿದ್ದೇನೆ, ಏಳೇ, ಏಳೇ ಹಾದರಗಿತ್ತಿ, ಸಾಯಬೇಡ, ಎದ್ದಿತು, ತೂರಾಡಿತು, ಸೊಂಟದ ಯಂತ್ರ ಕೂಗಿತು, ತಾವು ಒಂದು ಗೇಟಿನ ಬಳಿ ಇದ್ದೀರಿ, ಮುಚ್ಚಿದ ಗೇಟಿನ ಚಿತ್ರ ತೆಗೆಯಿರಿ. ಒಮ್ಮೆ ಎಳೆದು ಮುಚ್ಚಿ, ಒತ್ತಿ, ಮತ್ತೆ ತೆರೆದಿಟ್ಟರಾಯಿತು, ಯಾರಿಗೆ ಗೊತ್ತಾಗುತ್ತದೆ, ಮುಂದಿನ ವಿಳಾಸ ತೆರೆಯುತ್ತದೆ, ತಡವಾದದ್ದಕ್ಕೆ ಏನಾದರೂ ಸುಳ್ಳು ಹೇಳಬಹುದು, ಡ್ಯಾಮಿಯನ್ ಬೇಕಾದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ, ಕೈ ಆಗಲೇ ಗೇಟಿನ ಮೇಲಿದೆ — ಹಿಂದೆ ಉಳಿದ ಕುಂಟುಕುರಿ ಇನ್ನೂ ಬರುತ್ತಿದೆ, ಗೇಟು ಅಲ್ಲಾಡಿದ್ದು ಕಂಡು ನಿಂತುಬಿಟ್ಟಿದೆ, ನನ್ನನ್ನೇ ನೋಡುತ್ತಿದೆ. ಕೈ ತೆಗೆದೆ. ತೆರೆದ ಗೇಟು ಅಲುಗದ ಹಾಗೆ ಅದಕ್ಕೆ ಬೆನ್ನು ಕೊಟ್ಟು ನಿಂತೆ, ಯಂತ್ರ ಎತ್ತಿ ಹಿಡಿದೆ, ಬಾರೇ, ನೀನು ಬಾ, ಯಂತ್ರದ ಚೌಕದೊಳಗೆ ಖಾಲಿ ಕಂಬ, ಧೂಳು, ಕುಂಟುವ ಕುರಿ, ಒತ್ತಿದೆ, ಗೇಟು ಮುಚ್ಚಿಲ್ಲ, ಚಿತ್ರ ಸರಿಯಿಲ್ಲ ಅಂದಿತು ಯಂತ್ರ, ಮತ್ತೊಮ್ಮೆ, ಒತ್ತಿದೆ, ತೆರೆದ ಗೇಟು, ಚಿತ್ರ ಸರಿಯಿಲ್ಲ, ಸರಿಯಿದೆ ಕಣೋ, ನೋಡು ಸರಿಯಾಗಿ, ಮತ್ತೊಮ್ಮೆ, ಒತ್ತಿದೆ, ತೆರೆದ ಗೇಟು, ಮತ್ತೊಮ್ಮೆ, ತೆರೆದ ಗೇಟು —