ಮೂವತ್ತಾರನೇ ದಿನ

ಚೆಸ್ಟರ್ ಪ್ರೂಯಿಟ್‌ನನ್ನು ಅಮೆರಿಕದಲ್ಲಿ ಒಂದೇ ಒಂದು ದಿನ ಹೆಚ್ಚಿಗೆ ಹಿಡಿದಿಟ್ಟುಕೊಂಡರೆ ಸಾಕಿತ್ತು ನನಗೆ.

ಸೌದಿಯ ದಮ್ಮಾಮ್‌ನ ಆಸ್ಪತ್ರೆಯಲ್ಲಿ ನಾನು ನರ್ಸು, ಅವನು ಎಕ್ಸ್‌ರೇ ತೆಗೆಯೋನು. ಅಲ್ಲಿದ್ದ ಅಮೆರಿಕದವರಿಗೆಲ್ಲ ತೆರಿಗೆ ಫಾರಂ ತುಂಬಿಕೊಡೋನೂ ಅವನೇ. ದುಡ್ಡು ಮುಟ್ಟುತ್ತಿರಲಿಲ್ಲ, ಹೊಗಳಿಕೆ ಮಾತ್ರ ಬೊಗಸೆ ತುಂಬ ಬೇಕು. ಹೊರದೇಶದ ದುಡಿಮೆ ಅಂತ ನನ್ನ ಸಂಬಳಕ್ಕೆಲ್ಲ ವಿನಾಯಿತಿ ಬರೆದ. "ಮಿಕ್ಕಿದ್ದನ್ನ ಊರಿನ ನಿವೃತ್ತಿ ಖಾತೆಗೆ ಹಾಕ್ತಾ ಹೋಗು ವರ್ನಾ, ಮುದುಕಿಯಾದಾಗ ನನ್ನ ನೆನೆಸ್ಕೋತೀಯ" ಅಂದ.

ನೆನೆಸಿಕೊಳ್ಳದೆ ಏನು! ಆರು ವರ್ಷ ಹಾಕಿದೆ. ಪೂರ್ತಿ ವಿನಾಯಿತಿ ತಗೊಂಡವರು ಆ ಖಾತೆಗೆ ಒಂದು ಡಾಲರೂ ಹಾಕೋ ಹಾಗಿಲ್ಲ, ಹಾಕಿದ್ದಕ್ಕೆ ವರ್ಷ ವರ್ಷವೂ ದಂಡ ಅಂತ ನೋಟಿಸು ಬಂದಾಗಲೇ ನನಗೆ ಗೊತ್ತಾಗಿದ್ದು. ಅವನಿಗೆ ಎರಡನೇ ವರ್ಷವೇ ಗೊತ್ತಾಗಿತ್ತಂತೆ. ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತೆ ಅಂತ ಬಾಯಿ ಮುಚ್ಚಿಕೊಂಡಿದ್ದ. ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದರೆ, "ನೀನು ಕೇಳಲಿಲ್ಲವಲ್ಲ" ಅಂದ.

ದಂಡ ಕಟ್ಟೋಕೆ ಅಲ್ಲೇ ಇನ್ನೆರಡು ವರ್ಷ ದುಡಿದೆ. ಆ ಎರಡು ವರ್ಷದಲ್ಲೇ ಇಲ್ಲಿ ಓಹಾಯೋದಲ್ಲಿ ನನ್ನ ತಂಗಿ ಐಯೋನಾ ಹಾಸಿಗೆ ಹಿಡಿದು, ನನ್ನ ದಾರಿ ನೋಡಿ ನೋಡಿ ತೀರಿಕೊಂಡಳು. ಆ ಹೊಟ್ಟೆಯುರಿ ಇವತ್ತಿಗೂ ಆರಿಲ್ಲ.

ಚೆಸ್ಟರ್ ಇನ್ನೂ ದಮ್ಮಾಮ್‌ನಲ್ಲೇ ಇದ್ದಾನೆ. ಬೇಸಿಗೆಗೆ ಮೀನು ಹಿಡಿಯೋಕೆ ನಮ್ಮೂರ ಕಡೆ ಬರ್ತಾನೆ. ಹನ್ನೆರಡು ತಿಂಗಳಲ್ಲಿ ಅಮೆರಿಕದಲ್ಲಿ ಕಳೆದದ್ದು ಮೂವತ್ತೈದು ದಿನ ದಾಟಿದರೆ ಆ ವರ್ಷದ ವಿನಾಯಿತಿಗೆ ಕಲ್ಲು ಬೀಳುತ್ತೆ, ಅದಕ್ಕೇ ಬೆರಳೆಣಿಸಿಕೊಂಡೇ ಓಡಾಡೋದು. ಆದರೆ ಇಳಿದ ದಿನ, ವಿಮಾನ ಹತ್ತೋ ದಿನ, ದಮ್ಮಾಮ್‌ಗೆ ವಾಪಸ್ಸು ತಲುಪೋ ದಿನ, ಈ ಮೂರನ್ನೂ ಅವನು ಎಣಿಸ್ತಾನೇ ಇರಲಿಲ್ಲ. ಎಣಿಸಬೇಕು. ನೋಟಿಸು ಬಂದಮೇಲೆ ನಾನೂ ಓದಿಕೊಂಡಿದ್ದೆ.

ಈ ಸಲ ಶುಕ್ರವಾರಕ್ಕೆ ಟಿಕೆಟ್ಟು ಮಾಡಿಸಿದ್ದ. ಸರಿಯಾಗಿ ಎಣಿಸಿದರೆ ಮೂವತ್ತೈದಕ್ಕೆ ಮುಗಿಯುತ್ತಿತ್ತು. ಫೋನ್ ಮಾಡಿದೆ.

"ಶನಿವಾರ ಮಧ್ಯಾಹ್ನ ನಮ್ಮನೇಲಿ ನಿನಗೆ ಸನ್ಮಾನದ ಊಟ. ದಮ್ಮಾಮ್‌ನಿಂದ ವಾಪಸ್ಸು ಬಂದವರೆಲ್ಲ ಸೇರ್ತಾರೆ. ನೀನಿಲ್ದೆ ಹೇಗೋ?"

"ನನಗ್ಯಾಕಮ್ಮ ಸನ್ಮಾನ" ಅಂದ, ದನಿಯಲ್ಲೇ ಹಲ್ಲು ಕಾಣಿಸುತ್ತಿತ್ತು. "ತಾಳು... ಮೂರು ದಿನ ಕೈಯಲ್ಲಿದೆ. ಟಿಕೆಟ್ಟು ಶನಿವಾರ ಸಂಜೆಗೆ ಬದಲಾಯಿಸ್ತೀನಿ."

ಬಂದ. ಎಲ್ಲರೂ ಹೊಗಳಿದರು. ಎರಡು ಸಲ ಬಡಿಸಿಕೊಂಡು ತಿಂದ. ಚೆರ್ರಿ ಪೈ ಕೊಡ್ತಾ ಕೇಳಿದೆ, "ಇವತ್ತಿಗೆ ಎಷ್ಟು ದಿನ ಆಯ್ತೋ?"

"ಮೂವತ್ಮೂರು" ಅಂದ ಎದೆಯುಬ್ಬಿಸಿ.

"ಇಳಿದ ದಿನ ಸೇರಿಸಿದ್ಯಾ? ಇವತ್ತಿಂದು? ನಾಳೆ ತಲುಪೋದು?"

ಪೈ ಬಾಯಿಗೆ ಹೋಗಲಿಲ್ಲ. ಮೇಜಿನ ಕೆಳಗೆ ಬೆರಳು ಮಡಚಿದ, ಮತ್ತೆ ಬಿಡಿಸಿ ಮಡಚಿದ. ಮುಖ ಸುಣ್ಣವಾಯಿತು.

"ಗೊತ್ತಿತ್ತಾ ನಿನಗೆ? ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲವಲ್ಲ, ಚೆಸ್ಟರ್."

ಅವನ ಮುಂದಿದ್ದ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ನನ್ನದು ಎರಡು ವರ್ಷ ಹೋಗಿತ್ತು, ಅವನದು ಹೋಗಿದ್ದು ಒಂದೇ ವರ್ಷದ ವಿನಾಯಿತಿ. ಇನ್ನೊಂದು ಬಾಕಿ ಇದೆ.