ನಾಲ್ಕು ಅಡಿ ಸೇರಿಸು

ಮರ ಕಡಿಯುವವನಿಗೆ ಕಣ್ಣಳತೆಯೇ ಬಂಡವಾಳ ಎಂದು ಮೆರೆಯುತ್ತಿದ್ದವನು ನಾನು. ನನ್ನ ಜಂಬ ಇಳಿಸಿದವಳು ಮಗಳು, ಚೋಟುದ್ದ ಹುಡುಗಿ. ರಜೆಗೆ ಮುಂಚಿನ ಒಂದು ಸಂಜೆ ಶಾಲೆಯಿಂದ ಬಂದವಳೇ ರಟ್ಟಿನ ಮೇಲೆ ಕೋನಮಾಪಕ ಅಂಟಿಸಿ, ಅದರ ನೇರ ಅಂಚಿಗೆ ಜ್ಯೂಸ್ ಕುಡಿಯುವ ಕೊಳವೆ ಕಟ್ಟಿ, ನಡುವಿನಿಂದ ದಾರ ಇಳಿಬಿಟ್ಟು, ತುದಿಗೆ ನನ್ನ ಗರಗಸದ ನಟ್ಟೊಂದನ್ನು ಸಿಕ್ಕಿಸಿದಳು.

"ಕೊಳವೇಲಿ ಮರದ ತುದಿ ನೋಡ್ತಾ ಹಿಂದೆ ಹಿಂದೆ ಹೋಗ್ಬೇಕಪ್ಪಾ. ದಾರ ನಲವತ್ತೈದಕ್ಕೆ ಬಂದಾಗ ನಿಲ್ಲೋದು. ಅಲ್ಲಿಂದ ಬುಡಕ್ಕೆ ಎಷ್ಟು ದೂರಾನೋ ಅಳೆದು, ಮೇಲೆ ನಾಲ್ಕಡಿ ಸೇರಿಸಿದ್ರೆ ಆಯ್ತು."

"ಬಂದ್ಲಪ್ಪ ದೊಡ್ಡ ಇಂಜಿನಿಯರು!" ಎಂದು ಗದರಿದೆ. ಅವಳು ಮೂತಿ ತಿರುವಿ, ರಟ್ಟಿನ ಹಿಂದೆ 'ನಾಲ್ಕು ಅಡಿ ಸೇರಿಸು' ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಳು. ಆ ರಜೆಯೆಲ್ಲ ಅವಳು ಅಳೆದಳು, ನಾನು ಕಡಿದೆ. ಅವಳ ಲೆಕ್ಕ ಒಂದು ದಿನವೂ ತಪ್ಪಲಿಲ್ಲ.

ರಜೆ ಮುಗಿಯುವ ಮೊದಲೇ ಜ್ವರ ಬಂತು. ಐದನೆಯ ದಿನ ಅವಳಿರಲಿಲ್ಲ.

ತಿಂಗಳಾದ ಮೇಲೆ ಬೇಕರಿಯವನ ಹಿತ್ತಲಿನ ಒಣಮರಕ್ಕೆ ಹೋದೆ. ಹಗ್ಗ ಹಿಡಿಯಲು ಭಾಮೈದ ಇದ್ದ. ನಾನೇ ಅಳೆದೆ. ಇಪ್ಪತ್ತೈದು, ನಾಲ್ಕು ಸೇರಿಸಿದರೆ ಇಪ್ಪತ್ತೊಂಬತ್ತು. ಬೇಕರಿಯ ಗೋಡೆ ಇದ್ದದ್ದು ಬುಡದಿಂದ ಇಪ್ಪತ್ತೊಂಬತ್ತೂವರೆ ಅಡಿಗೆ. ಅವಳ ಲೆಕ್ಕವಲ್ಲವೇ ಎಂಬ ಧೈರ್ಯದಿಂದ ಬುಡಕ್ಕೇ ಗರಗಸ ಇಟ್ಟೆ. ಮರದ ತುದಿ ಹೋಗಿ ಬೇಕರಿಯ ಕಿಟಕಿಯನ್ನು ಪುಡಿಪುಡಿ ಮಾಡಿತು.

ಬೇಕರಿಯವನು ಬಾಯಿಗೆ ಬಂದಂತೆ ಬೈದ. ನನಗೆ ಮೈಯೆಲ್ಲ ಉರಿದುಹೋಯಿತು. ರಟ್ಟನ್ನು ನೆಲಕ್ಕೆ ಒಗೆದು, "ಸುಳ್ಳು ಲೆಕ್ಕ ಹೇಳ್ಕೊಟ್ಟು ಹೋದ್ಯಲ್ಲೇ!" ಎಂದು ಕೂಗಿಬಿಟ್ಟೆ.

ಭಾಮೈದ ಅದನ್ನೆತ್ತಿ ಮಣ್ಣು ಒರೆಸಿದ. "ಅವಳ ಲೆಕ್ಕ ಸರಿಯಾಗೇ ಇದೆ ಭಾವ. ನಾಲ್ಕಡಿ ಅಂದ್ರೆ ನೆಲದಿಂದ ಅವಳ ಕಣ್ಣಿನ ಎತ್ತರ. ನೀವೇನು ಅವಳಷ್ಟಿದ್ದೀರಾ? ನಿಮ್ಮದು ಐದೂಕಾಲು. ಇದನ್ನ ಅಳಿಸಿ ನಿಮ್ಮದು ಬರ್ಕೊಳ್ಳಿ." ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಕೊಟ್ಟ.

"ಅದರ ಮೇಲೆ ಕೈ ಇಟ್ಯೋ, ಕೈ ಮುರೀತೀನಿ," ಎಂದೆ. ಬೈದದ್ದು ಅವನನ್ನು, ಅಳು ಬಂದದ್ದು ನನಗೆ. ಮಗಳನ್ನು ಸುಳ್ಳಿ ಎಂದಿದ್ದೆನಲ್ಲ. ಅವಳ ಎತ್ತರ ಅಂತ ನಮ್ಮ ಮನೆಯಲ್ಲಿ ಉಳಿದದ್ದು ಅದೊಂದೇ ಸಾಲು.

ಮುಂದಿನ ಮರದ ಹತ್ತಿರ ನಾನು ಮಂಡಿಯೂರಿದೆ. ಭಾಮೈದ ನೆಲದಿಂದ ನನ್ನ ಕಣ್ಣಿಗೆ ಟೇಪು ಹಿಡಿದ. "ಸರಿಯಾಗಿ ನಾಲ್ಕಡಿ, ಭಾವ." ಮಂಡಿಯಲ್ಲೇ ತೆವಳುತ್ತ ಹಿಂದೆ ಹಿಂದೆ ಸರಿದೆ. ಅಲ್ಲಿಂದ ನೋಡಿದರೆ ಆ ಮರ ಎಷ್ಟು ದೊಡ್ಡದಿತ್ತು! ಇಷ್ಟೆತ್ತರದ್ದು ಬೀಳುವಾಗ ಹೆದರಿಕೆಯಾಗುತ್ತಾ ಮಗಾ ಅಂತ ಒಂದು ದಿನವೂ ನಾನು ಕೇಳಿರಲಿಲ್ಲ.

ದಾರ ನಲವತ್ತೈದಕ್ಕೆ ನಿಂತಿತು. ಭಾಮೈದ ಬುಡದವರೆಗೂ ಟೇಪು ಎಳೆದು, "ಇಪ್ಪತ್ತೆರಡು!" ಎಂದು ಕೂಗಿದ.

"ನಾಲ್ಕು ಸೇರಿಸೋ," ಎಂದೆ.