ಕಿವಿಯೊಳಗಿನ ಬಾಗಿಲು

ಮಾತುಮಾತಿಗೂ "ಇಲ್ಲಿ ಪ್ರತಿಮೆ ನೋಡಿ, ಪ್ರತಿಮೆ" ಎನ್ನುತ್ತಿದ್ದುದರಿಂದ ಶಾಲೆಯ ಮಕ್ಕಳು ಅವಳಿಗೆ ಪ್ರತಿಮೆ ಟೀಚರ್ ಎಂದೇ ಹೆಸರಿಟ್ಟಿದ್ದರು. ಅವಳಿಗೆ ಪ್ರತಿಮೆಯೆಂದರೆ ಮಾತಿನಲ್ಲಿ ಮೂಡುವ ಚಿತ್ರ; ಅವರಿಗೆ ಚೌಕದಲ್ಲಿ ನಿಲ್ಲಿಸಿದ ಕಲ್ಲಿನ ಮನುಷ್ಯ.

ಆ ಬೆಳಿಗ್ಗೆ ಅವಳು ಒಲೆಯ ಮೇಲೊಂದು ಕಣ್ಣಿಟ್ಟು ಮಗಳಿಗೆ ಜಡೆ ಹಾಕುತ್ತಿದ್ದಳು.

"ಅಮ್ಮಾ, ಕಿವಿಯೊಳಗೆ ಯಾರೋ ಬಾಗಿಲು ಬಡೀತಿದಾರೆ."

ಬಾಚಣಿಗೆ ನಿಂತಿತು. "ಆಹಾ! ಏನು ಮಾತು ಕಣೇ ಪುಟ್ಟಿ! ಇನ್ನೊಂದ್ಸಲ ಹೇಳು."

ಪುಟ್ಟಿ ಹೇಳಿದಳು. ಈ ಸಲ ದನಿ ಸಣ್ಣದಾಗಿತ್ತು.

ತರಗತಿಗೆ ಹೋದವಳೇ ಆ ಸಾಲನ್ನು ಬೋರ್ಡಿನ ಮೇಲೆ ಬರೆದಳು. "ಒಂದು ಚಿಕ್ಕ ಹುಡುಗಿ ಹೇಳಿದ್ದು. ಇದರಲ್ಲಿ ಯಾವ ಭಾವ ಇದೆ? ದನಿ ಹೇಗಿದೆ?"

ಒಬ್ಬ ಭಯ ಎಂದ. ಇನ್ನೊಬ್ಬಳು ಕುತೂಹಲ ಎಂದಳು. ಹೊರಗೆ ನಿಂತು ಬಡಿಯುವುದು ಯಾವುದೋ ಹಳೆಯ ನೆನಪಿರಬಹುದು ಎಂದು ಟೀಚರೇ ಒಗ್ಗರಣೆ ಹಾಕಿದಳು. ಆಗ ಕೊನೆಯ ಬೆಂಚಿನ ಬಾಯಿಬಡುಕಿ ಎದ್ದು ನಿಂತಳು.

"ಟೀಚರ್, ಪಾಪ, ಅವಳಿಗೆ ಕಿವಿ ನೋಯ್ತಿತ್ತೇನೋ?"

ತರಗತಿ ಗೊಳ್ಳೆಂದಿತು. ಟೀಚರ್ ಮಾತ್ರ ನಿಜಕ್ಕೂ ಪ್ರತಿಮೆಯಾದಳು. ಪುಟ್ಟಿ ತಲೆಯನ್ನು ಒಂದು ಕಡೆಗೇ ವಾಲಿಸಿಕೊಂಡು ಕೂತಿದ್ದದ್ದು, ಜಡೆ ಎಳೆದಾಗ ಹಲ್ಲು ಕಚ್ಚಿದ್ದು ಈಗ ಕಣ್ಣಿಗೆ ಕಟ್ಟಿತು.

ರಜೆ ಕೇಳಿ ಮಗಳ ಶಾಲೆಗೆ ಓಡಿದಳು. ಪುಟ್ಟಿ ಆಯಾಳ ಮಡಿಲಲ್ಲಿ ಮಲಗಿದ್ದಳು; ಮೈ ಕೆಂಡವಾಗಿತ್ತು.

ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. "ಕೀವಾಗಿ ಕಿವಿ ತಮಟೆ ತೂತಾಗಿದೆಯಮ್ಮ. ಔಷಧಕ್ಕೆ ಕೂಡ್ಕೊಳ್ಳುತ್ತೆ, ಹೆದರಬೇಡಿ. ಮಗು ಮೊದಲೇ ಏನೂ ಹೇಳಲಿಲ್ವಾ?"

ಅವಳು ಬಾಯಿ ತೆರೆಯುವುದರೊಳಗೆ ಪುಟ್ಟಿಯೇ ಉತ್ತರ ಕೊಟ್ಟಳು. "ಹೇಳಿದ್ದೆ. ಅಮ್ಮಂಗೆ ತುಂಬಾ ಇಷ್ಟ ಆಯ್ತು."

ಡಾಕ್ಟರು ಚೀಟಿ ಬರೆಯುತ್ತ ತಲೆ ಎತ್ತಲಿಲ್ಲ. ಎತ್ತಿ ಬೈದಿದ್ದರೇ ವಾಸಿಯಿತ್ತು.

ಸಂಜೆ ವಿಷಯ ಕೇಳಿದ ಅಜ್ಜಿ ಮೊಮ್ಮಗಳ ತಲೆ ಸವರಿದಳು. "ಇನ್ಮೇಲೆ ನಿಮ್ಮಮ್ಮಂಗೆ ಬಿಡಿಸಿ ಹೇಳು ಮಗಾ. ಇಲ್ಲಾಂದ್ರೆ ಮಾರ್ಕ್ಸ್ ಹಾಕ್ಕೊಂಡು ಕೂತ್ಬಿಡ್ತಾಳೆ."

ಯಾರೂ ನಗಲಿಲ್ಲ. ಅಮ್ಮ ಕಿವಿಗೆ ಹನಿ ಬಿಟ್ಟಳು.

"ಈಗ ಹೇಗಿದೆ ಕಂದಾ?"

"ನೋವು."

"ಹೇಗೆ ನೋವು? ಇನ್ನೂ ಬಾಗಿಲು ಬಡೀತಿದಾರಾ?"

ಪುಟ್ಟಿ ಅಮ್ಮನ ಮುಖವನ್ನು ಅಳೆದು ನೋಡಿದಳು. "ಇಲ್ಲಮ್ಮ. ಬರೀ ನೋವು."

ಇಷ್ಟೇ ಬರೆದ ಮಕ್ಕಳ ಉತ್ತರಗಳಿಗೆ ಅವಳು ಎಷ್ಟು ಸಲ ಕೆಂಪು ಗೀಟು ಎಳೆದಿದ್ದಳೋ.

"ಎಲ್ಲಿ?" ಎಂದಷ್ಟೇ ಕೇಳಿದಳು.

ಪುಟ್ಟಿ ಬೆರಳಿಟ್ಟು ತೋರಿಸಿದಳು.